ಒಂದೇ ಬೇತಾಳ, ಎರಡು ಲಿಪಿ

ತುಮಕೂರಿನಿಂದ ನೀವು ಬರೆದ ಪತ್ರ ತಲುಪಿತು. ಕಾಸರಗೋಡಿನ ಕನ್ನಡ ಶಾಲೆಯೊಂದಕ್ಕೆ ಮಕ್ಕಳ ಪುಸ್ತಕಗಳನ್ನು ಕಳುಹಿಸಬೇಕೆಂದಿದ್ದೀರಿ. ಜೊತೆಗೆ, ‘ಕೇರಳದಲ್ಲಿ ಬೆಳೆದ ನಿಮಗೆ ಚಿಕ್ಕಂದಿನಲ್ಲಿ ಕನ್ನಡ ಪುಸ್ತಕಗಳು ಸಿಗುತ್ತಿದ್ದವೇ?’ ಎಂದೂ ಕೇಳಿದ್ದೀರಿ. ಸಿಗುತ್ತಿದ್ದವು. ಆದರೆ ಅವು ನೀವು ಎಣಿಸಿದ ದಿಕ್ಕಿನಿಂದಲೇ ಬರುತ್ತಿರಲಿಲ್ಲ.

ನಮ್ಮ ಮನೆ ಬದಿಯಡ್ಕದ ಬಳಿ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬಾಳಿದ ಪೆರಡಾಲ ಇಲ್ಲಿಗೆ ದೂರವಿಲ್ಲ. 1956ರ ನವೆಂಬರ್ 1ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆ, ಅಂದಿನಿಂದ ಕೇರಳ. ನಾನು ಒಂದನೇ ತರಗತಿಗೆ ಸೇರಿದ 1984ರಲ್ಲಿಯೇ ಕಣ್ಣೂರಿನಿಂದ ಬೇರ್ಪಟ್ಟು ಕಾಸರಗೋಡು ಜಿಲ್ಲೆಯಾಯಿತು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರಕಾರಿ ಕಚೇರಿಗೆ ಹೋದರೆ ಮಲಯಾಳ. ಶಾಲೆಯೊಳಗೂ ಕನ್ನಡ ಡಿವಿಷನ್ ಮತ್ತು ಮಲಯಾಳ ಡಿವಿಷನ್ ಎಂದು ಎರಡು ಸಾಲು ಕೋಣೆಗಳು. ಆಟದ ಬಯಲು ಮಾತ್ರ ಒಂದೇ.

ಪಠ್ಯಪುಸ್ತಕಗಳನ್ನು ಅಚ್ಚು ಹಾಕುವುದು ಕೇರಳ ಸರಕಾರ. ಹಾಗಾಗಿ ತಿರುವಾಂಕೂರಿನ ಮಾರ್ತಾಂಡವರ್ಮನನ್ನೂ ಶ್ರೀ ನಾರಾಯಣ ಗುರುಗಳನ್ನೂ ನಾವು ಕನ್ನಡದಲ್ಲಿಯೇ ಓದಿ ಬೆಳೆದೆವು. ನಮ್ಮ ಪುಸ್ತಕಗಳು ತಡವಾಗಿ ಬರುತ್ತಿದ್ದವು. ಜೂನ್ ಮಳೆಯಲ್ಲಿ ಪಕ್ಕದ ಡಿವಿಷನ್ನಿನ ಮಕ್ಕಳು ಹೊಸ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದಾಗ ನಾವು ಹಿಂದಿನ ವರ್ಷದವರಿಂದ ಕೇಳಿ ತಂದ, ಮೂಲೆ ಮಡಚಿದ ಹಳೆಯ ಪುಸ್ತಕ ಹಿಡಿದು ಕೂರುತ್ತಿದ್ದೆವು. ಆ ನೋವು ಇಂದಿಗೂ ಹೋಗಿಲ್ಲ. ಕಿತ್ತೂರಿನ ಚೆನ್ನಮ್ಮ ನನಗೆ ದೊರೆತದ್ದು ಪಾಠದಲ್ಲಲ್ಲ, ಶಾಲಾ ವಾರ್ಷಿಕೋತ್ಸವದಲ್ಲಿ ಬಹುಮಾನವಾಗಿ ಬಂದ ಭಾರತ-ಭಾರತಿ ಮಾಲೆಯ ಅಂಗೈಯಗಲದ ಪುಸ್ತಕದಲ್ಲಿ. ಎಲ್.ಎಸ್. ಶೇಷಗಿರಿ ರಾಯರ ಸಂಪಾದಕತ್ವದಲ್ಲಿ ಬಂದ ಆ ಮಾಲೆಯಲ್ಲಿ 510 ಪುಸ್ತಕಗಳಿವೆ. ನನ್ನ ಬಳಿ ಇದ್ದದ್ದು ಏಳು. ಆ ಏಳನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ.

ಇನ್ನು ಚಂದಮಾಮ. ಅಪ್ಪ ಕುಂಬಳೆ ಪೇಟೆಗೆ ಹೋದಾಗ ತರುತ್ತಿದ್ದರು. ನಮ್ಮ ಬೇಲಿಯಾಚೆಯ ಮನೆಯವರು ಮಲಯಾಳಿಗಳು. ಆ ಮನೆಯ ಹುಡುಗ ನನ್ನ ಓರಗೆಯವನು, ಮಲಯಾಳ ಡಿವಿಷನ್ನಿನವನು. ಅವರ ಮನೆಗೆ ‘ಅಂಬಿಳಿ ಅಮ್ಮಾವನ್’ ಬರುತ್ತಿತ್ತು. ಅಂಬಿಳಿ ಎಂದರೆ ಚಂದ್ರ, ಅಮ್ಮಾವನ್ ಎಂದರೆ ಸೋದರಮಾವ. ಒಂದು ದಿನ ಅವನ ಜಗಲಿಯಲ್ಲಿ ಅದನ್ನು ಬಿಡಿಸಿದವನು ಬೆಚ್ಚಿಬಿದ್ದೆ. ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿರಿದು ನಡೆಯುವ ಅದೇ ವಿಕ್ರಮ, ಶಂಕರ್ ಬರೆದ ಅದೇ ಚಿತ್ರ! ಮದರಾಸಿನ ಒಂದೇ ಪತ್ರಿಕೆ ಎರಡು ಹೆಸರು ಹೊತ್ತು ನಮ್ಮ ಎರಡು ಮನೆಗಳಿಗೆ ಬರುತ್ತಿದೆ ಎಂಬುದು ಅಲ್ಲಿಯವರೆಗೆ ಇಬ್ಬರಿಗೂ ತಿಳಿದಿರಲಿಲ್ಲ.

ಅಲ್ಲಿಂದ ಶುರುವಾಯಿತು ನಮ್ಮ ವಿದ್ಯಾಭ್ಯಾಸ. ಎರಡು ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟು, ಚಿತ್ರ ಹೊಂದುವ ಪುಟ ಹುಡುಕಿ, ಅವನು ಒಂದು ಸಾಲು ಓದುವುದು, ನಾನು ಒಂದು ಸಾಲು ಓದುವುದು. ಮೊದಲು ಕೈಗೆ ಸಿಕ್ಕ ಗುರುತು ಅನುಸ್ವಾರದ ಸೊನ್ನೆ. ಅದು ಎರಡು ಲಿಪಿಗಳಲ್ಲಿಯೂ ಒಂದೇ. ಸೊನ್ನೆ ಹಿಡಿದುಕೊಂಡು ಅದರ ಹಿಂದಿನ ಅಕ್ಷರವನ್ನು ಊಹಿಸುತ್ತಿದ್ದೆವು. ಒಂದು ಓಣಂ ರಜೆ ಮುಗಿಯುವ ಹೊತ್ತಿಗೆ (ನಮಗೆ ದಸರಾ ರಜೆಯಲ್ಲ, ಹತ್ತು ದಿನ ಓಣಂ ರಜೆ) ನಾನು ಮಲಯಾಳದ ಬಸ್ ಬೋರ್ಡುಗಳನ್ನು ಓದುತ್ತಿದ್ದೆ, ಅವನು ಕನ್ನಡದ ಅಂಗಡಿ ಫಲಕಗಳನ್ನು ಓದುತ್ತಿದ್ದ. ಯಾವ ಮೇಷ್ಟ್ರೂ ಕಲಿಸಿದ್ದಲ್ಲ. ಬೇತಾಳ ಕಲಿಸಿದ್ದು.

ಬಾಲಮಂಗಳದ ಡಿಂಗ ನಿಮಗೂ ನೆನಪಿರಬೇಕು. ಕನ್ನಡದ ಎಷ್ಟೋ ಮನೆಗಳಲ್ಲಿ ಆ ಪುಟ್ಟ ಇಲಿ ದೇವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದ. ಆದರೆ ಅವನು ಹುಟ್ಟಿದ್ದು ಮಲಯಾಳದಲ್ಲಿ, ಪತ್ರಿಕೆ ಬರುತ್ತಿದ್ದದ್ದು ಕೋಟ್ಟಯಂನಿಂದ. ಅಂದರೆ ತುಮಕೂರಿನ ಮಕ್ಕಳ ಕೈಗೂ ಕಥೆಗಳು ಗಡಿ ದಾಟಿಯೇ ಬರುತ್ತಿದ್ದವು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಗಡಿನಾಡಿನ ಮಕ್ಕಳು ಕನ್ನಡದ ಅಳಿದುಳಿದ ಚೂರುಗಳನ್ನು ತಿಂದು ಬೆಳೆದವರು ಎಂಬ ಮರುಕ ನಿಮ್ಮ ಪತ್ರದಲ್ಲಿ ಕಂಡಿತು. ನಮಗೆ ಕಡಿಮೆಯಿತ್ತು, ನಿಜ. ಆದರೆ ಬಡಿಸಿದ ಎಲೆಗಳು ಎರಡಿದ್ದವು.

ಎಲ್ಲಕ್ಕಿಂತ ಪ್ರೀತಿಯ ಪುಸ್ತಕದ ಬಗ್ಗೆ ಇನ್ನೂ ಹೇಳಿಲ್ಲ. ಪಂಜೆ ಮಂಗೇಶರಾಯರ ‘ಕೋಟಿ ಚೆನ್ನಯ’. ಅಪ್ಪ ಮಂಗಳೂರಿಗೆ ಹೋದಾಗ ಅತ್ರಿ ಬುಕ್ ಸೆಂಟರಿನಿಂದ ತಂದದ್ದು. ಆ ಅವಳಿ ವೀರರ ಕಥೆಯನ್ನು ನಾನು ಅದಕ್ಕೆ ಮೊದಲೇ ಬಲ್ಲೆ. ಅಜ್ಜಿ ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವಾಗ ಪಾಡ್ದನವಾಗಿ, ಅಂದರೆ ತುಳುವಿನ ಕಥನಗೀತೆಯಾಗಿ, ಹಾಡುತ್ತಿದ್ದರು. ಹಾಡಿನಲ್ಲಿ ಬರುವ ಪಡುಮಲೆ, ಎಣ್ಮೂರು ದೂರದ ದೇಶಗಳಲ್ಲ, ಇಲ್ಲಿಂದ ಮೂಡಣಕ್ಕೆ ಇರುವ ಊರುಗಳು. ಮನೆಯ ತುಳು ಅಚ್ಚಾಗುವ ಭಾಷೆ ಎಂದು ಅಂದು ನನಗೆ ಗೊತ್ತಿರಲಿಲ್ಲ. ಪುಸ್ತಕದ ಕಥೆ ಬೇರೆ, ಗದ್ದೆಯ ಕಥೆ ಬೇರೆ ಎಂದೇ ನಂಬಿದ್ದ ನನಗೆ ಅಜ್ಜಿಯ ಹಾಡಿನ ದೇಯಿ ಬೈದೆದಿ, ಆ ಅವಳಿಗಳ ತಾಯಿ, ಕನ್ನಡ ಅಕ್ಷರಗಳಲ್ಲಿ ಎದುರಾದಾಗ ಆದ ಪುಳಕವನ್ನು ಹೇಗೆ ಹೇಳಲಿ!

ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಾನು ಕನ್ನಡದಲ್ಲಿ ಓದಿ, ವಾಕ್ಯಕ್ಕೊಮ್ಮೆ ನಿಲ್ಲಿಸಿ ತುಳುವಿನಲ್ಲಿ ಹೇಳಬೇಕಿತ್ತು. ಪಡುಮಲೆಯ ಅರಸ ಬಲ್ಲಾಳನ ಕಾಲಿಗೆ ಹೊಕ್ಕ ಮುಳ್ಳಿನ ಗಾಯವನ್ನು ದೇಯಿ ಗುಣಪಡಿಸುವ ಭಾಗ ಬಂದಾಗ ಅಜ್ಜಿ ಕೈ ಎತ್ತಿ ನನ್ನನ್ನು ತಡೆದರು. ತುಂಬು ಬಸುರಿ ಅಷ್ಟು ಸುಲಭದಲ್ಲಿ ಹೊರಟು ಬಂದಳೇ, ಆ ದಾರಿ ಎಷ್ಟು ಉದ್ದವೆಂದು ಬರೆದವರಿಗೆ ಗೊತ್ತೇ ಎಂದು ಕೇಳಿ, ಆ ದಾರಿಯಷ್ಟನ್ನೂ ಹಾಡಿದರು. ಗಂಜಿ ಆರಿಹೋಯಿತು. ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ನಾನು ಕೇಳುತ್ತಾ ಕುಳಿತೆ.

ಈಗ ನೀವು ಕಳುಹಿಸಲಿರುವ ಪುಸ್ತಕಗಳ ವಿಷಯ. ಚಂದಮಾಮ, ಬಾಲಮಂಗಳ ಎರಡೂ ನಿಂತುಹೋಗಿವೆ. ನಮ್ಮ ಪೇಟೆಯ ಅಂಗಡಿಯಲ್ಲಿ ಮಲಯಾಳದ ಬಾಲರಮ ಇಂದಿಗೂ ನೇತಾಡುತ್ತದೆ; ಅದರ ಪಕ್ಕದಲ್ಲಿ ಕನ್ನಡದ ಮಕ್ಕಳ ಪತ್ರಿಕೆ ನನಗೆ ಕಾಣಿಸುತ್ತಿಲ್ಲ. ಆದ್ದರಿಂದ ದಯವಿಟ್ಟು ನಾಡು-ನುಡಿಯ ಉಪದೇಶವಿರುವ ಪುಸ್ತಕಗಳನ್ನು ಕಳುಹಿಸಬೇಡಿ. ಕನ್ನಡವನ್ನು ಪ್ರೀತಿಸಬೇಕೆಂದು ಇಲ್ಲಿನ ಮಕ್ಕಳಿಗೆ ವೇದಿಕೆಯಿಂದ ಬೇಕಾದಷ್ಟು ಹೇಳಿಯಾಗಿದೆ. ಚಿತ್ರ ತುಂಬಿದ, ಹೆದರಿಸುವ, ಹೊಟ್ಟೆ ಹುಣ್ಣಾಗುವಂತೆ ನಗಿಸುವ ಕಥೆಗಳು ಬೇಕು. ಎಂಟರಿಂದ ಹನ್ನೆರಡು ವರ್ಷದವರಿಗೆ ಹೆಚ್ಚು ಇರಲಿ. ಮಲಯಾಳದಲ್ಲಿಯೂ ಬಂದಿರುವ ಕಥೆಗಳು ಸಿಕ್ಕರೆ ಬಿಡಬೇಡಿ. ಆಚೆ ಡಿವಿಷನ್ನಿನ ಮಕ್ಕಳೂ ಬಂದು ಕೂರುತ್ತಾರೆ.

ಕೇರಳದಲ್ಲಿ ಜೂನ್ 19 ವಾಚನಾ ದಿನ, ಗ್ರಂಥಾಲಯ ಚಳವಳಿ ಕಟ್ಟಿದ ಪಿ.ಎನ್. ಪಣಿಕ್ಕರ್ ಅವರು ತೀರಿಕೊಂಡ ದಿನ. ಅಂದು ಶಾಲೆಗಳಲ್ಲಿ ಪುಸ್ತಕಗಳನ್ನು ಹೊರಗೆ ಹರಡಿ ಇಡುತ್ತಾರೆ. ಅದಕ್ಕಿಂತ ಮೊದಲು ತಲುಪುವಂತೆ ಕಳುಹಿಸಿ. ಮಳೆಗಾಲ, ಪೆಟ್ಟಿಗೆಯೊಳಗೆ ದಪ್ಪ ಪ್ಲಾಸ್ಟಿಕ್ ಸುತ್ತುವುದನ್ನು ಮರೆಯಬೇಡಿ. ಬದಿಯಡ್ಕದ ಬಸ್ ನಿಲ್ದಾಣದಿಂದ ಶಾಲೆಯವರೆಗೆ ನಾನೇ ಹೊತ್ತುಕೊಂಡು ಹೋಗುತ್ತೇನೆ.