ಕುಲುಮೆಯ ದೇವರು ಯಾವ ಊರಿನವನು?

ನಮಸ್ಕಾರ. ಕಳೆದ ಸಂಚಿಕೆಯ ಗ್ರೀಕ್ ಪುರಾಣದ ಲೇಖನ ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕಮ್ಮಾರ ದೇವರು ಹೆಫೈಸ್ಟಸ್‌ನನ್ನು ದೇವತೆಗಳ ಬೀಡಾದ ಒಲಿಂಪಸ್ ಬೆಟ್ಟದಿಂದ ಎಸೆದದ್ದು ಅಪ್ಪನೋ, ಅಮ್ಮನೋ? ದೇವರಾದವನಿಗೆ ಕಾಲು ಊನ ಯಾಕೆ?

ಗ್ರೀಕ್ ಕವಿ ಹೋಮರನ ಇಲಿಯಡ್ ಮಹಾಕಾವ್ಯದಲ್ಲೇ ಎರಡೂ ಕಥೆ ಇವೆ, ಅದೂ ಹೆಫೈಸ್ಟಸ್‌ನ ಬಾಯಲ್ಲೇ. 1ನೇ ಭಾಗದಲ್ಲಿ ಅವನು ಅಮ್ಮ ಹೀರಾಗೆ ಹೇಳುತ್ತಾನೆ: ನಿನ್ನ ಪರ ನಿಂತಿದ್ದಕ್ಕೆ ಅಪ್ಪ, ದೇವತೆಗಳ ರಾಜ ಜ್ಯೂಸ್ ನನ್ನ ಕಾಲು ಹಿಡಿದು ಎಸೆದ, ದಿನವಿಡೀ ಬೀಳುತ್ತಲೇ ಇದ್ದೆ, ಹೊತ್ತು ಮುಳುಗುವಾಗ ಲೆಮ್ನೋಸ್ ದ್ವೀಪ ಮುಟ್ಟಿದೆ. 18ನೇ ಭಾಗದಲ್ಲಿ ಬೇರೆ ಮಾತು. ಕುಂಟ ಮಗು ಯಾರ ಕಣ್ಣಿಗೂ ಬೀಳಬಾರದು ಅಂತ ಅಮ್ಮನೇ ಎಸೆದಳಂತೆ. ಸಮುದ್ರ ದೇವತೆಯರಾದ ಥೆಟಿಸ್, ಯೂರಿನೋಮೆ ಕಾಪಾಡಿದರು. 9 ವರ್ಷ ಅವರ ಗುಹೆಯಲ್ಲಿ ಕೂತು ಒಡವೆ ಮಾಡಿದನಂತೆ.

ಹೆಸಿಯೋಡ್ ಕವಿಯದು ಇನ್ನೊಂದು ದಾರಿ. ಜ್ಯೂಸ್ ತನ್ನ ತಲೆಯಿಂದ ಅಥೀನಾ ದೇವಿಯನ್ನು ಹೆತ್ತ ಸಿಟ್ಟಿಗೆ ಹೀರಾ ಗಂಡನ ಹಂಗಿಲ್ಲದೆ ಇವನನ್ನು ಹೆತ್ತಳು. ಆದರೆ ಪಿಂಡಾರ್ ಎಂಬ ಕವಿಯ ಪ್ರಕಾರ ಅಥೀನಾ ಹೊರಬಂದದ್ದೇ ಹೆಫೈಸ್ಟಸ್ ಕೊಡಲಿಯಿಂದ ಜ್ಯೂಸ್‌ನ ತಲೆ ಸೀಳಿದಾಗ! ಹುಟ್ಟುವ ಮೊದಲೇ ಅವನು ಅಲ್ಲಿಗೆ ಬಂದದ್ದು ಹೇಗೆ? ಬೇರೆ ಬೇರೆ ಕಡೆಯ ಕಥೆಗಳು ಒಂದೇ ಮನೆ ಸೇರಿದರೆ ಹೀಗೇ ಅಲ್ವಾ.

ನನ್ನನ್ನು ಜಾಸ್ತಿ ಹಿಡಿದಿಟ್ಟಿರುವುದು ಲೆಮ್ನೋಸ್. ಹೆಫೈಸ್ಟಸ್ ಎಂಬ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಎಲ್ಲರೂ ಒಪ್ಪುವ ಮೂಲ ಇಲ್ಲ. ಆ ದ್ವೀಪದ ದೊಡ್ಡ ಊರಿಗೆ ಹೆಫೈಸ್ಟಿಯಾ ಎಂದೇ ಹೆಸರಿತ್ತು. ಅಲ್ಲಿನ ಕಾಮಿನಿಯಾ ಹಳ್ಳಿಯಲ್ಲಿ 1885ರಲ್ಲಿ ಒಂದು ಕಲ್ಲು ಸಿಕ್ಕಿತು. ಅದರ ಮೇಲಿನ ಬರಹ ಗ್ರೀಕ್ ಅಲ್ಲ, ಇಟಲಿಯ ಎಟ್ರಸ್ಕನ್ ಭಾಷೆಗೆ ಹತ್ತಿರದ್ದು. ಬಿದ್ದವನನ್ನು ಆರೈಕೆ ಮಾಡಿದವರು ಅಲ್ಲಿನ ಸಿಂಟಿಯನ್ನರು. ಅವರ ಮಾತು ಒರಟು ಅಂತ ಹೋಮರನ ಇನ್ನೊಂದು ಕಾವ್ಯ ಒಡಿಸ್ಸಿ ಹೇಳುತ್ತದೆ. ಗ್ರೀಕರ ಕಿವಿಗೆ ಅದು ಪರಭಾಷೆ. ಇವೆಲ್ಲ ನೋಡಿದರೆ ಅವನು ಒಲಿಂಪಸ್‌ನಿಂದ ಲೆಮ್ನೋಸ್‌ಗೆ ಬಿದ್ದವನಲ್ಲ, ಲೆಮ್ನೋಸ್ ಕಡೆಯಿಂದ ಒಲಿಂಪಸ್ ಹತ್ತಿದವನು ಅಂತ ನನಗೆ ಅನಿಸುತ್ತದೆ. ಬಿದ್ದ ಕಥೆ ಆಮೇಲೆ ಹುಟ್ಟಿರಬೇಕು.

ಇನ್ನು ಕಾಲಿನ ವಿಷಯ. ಹಳೇ ಕಾಲದಲ್ಲಿ ತಾಮ್ರಕ್ಕೆ ಆರ್ಸೆನಿಕ್ ಬೆರೆತ ಕಂಚು ಬಳಕೆಯಲ್ಲಿತ್ತು. ಅದರ ಹೊಗೆ ಕುಡಿದು ಕಮ್ಮಾರರ ಕಾಲಿನ ನರ ಸೋತಿರಬಹುದು ಅಂತ ಕೆಲವು ವಿದ್ವಾಂಸರ ಊಹೆ. ನನಗೆ ಇನ್ನೊಂದು ಊಹೆ ಹೆಚ್ಚು ಹಿಡಿಸುತ್ತದೆ. ಯುದ್ಧಕ್ಕೆ, ಉಳುಮೆಗೆ ಹೋಗಲಾಗದವನು, ತೋಳಲ್ಲಿ ಕಸುವಿದ್ದವನು, ಊರಲ್ಲಿ ಕುಲುಮೆ ಮುಂದೆ ಕೂರುತ್ತಿದ್ದ.

ಇಲಿಯಡ್‌ನ 18ನೇ ಭಾಗವನ್ನು ದಯವಿಟ್ಟು ಓದಿ. ಮಗ ಅಕಿಲೀಸ್‌ಗೆ ಆಯುಧ ಕೇಳಲು ಥೆಟಿಸ್ ಬಂದಿದ್ದಾಳೆ. ಹೆಫೈಸ್ಟಸ್ ತಿದಿಗಳನ್ನು ಬೆಂಕಿಯಿಂದ ದೂರ ಸರಿಸುತ್ತಾನೆ. ಸಾಮಾನೆಲ್ಲ ಬೆಳ್ಳಿ ಪೆಟ್ಟಿಗೆಗೆ ಹಾಕುತ್ತಾನೆ. ಸ್ಪಂಜಿನಿಂದ ಮುಖ, ಎರಡೂ ಕೈ, ದಪ್ಪ ಕತ್ತು, ಕೂದಲು ತುಂಬಿದ ಎದೆ ಒರೆಸಿಕೊಳ್ಳುತ್ತಾನೆ. ಅಂಗಿ ತೊಟ್ಟು, ಕೋಲು ಹಿಡಿದು, ಕುಂಟುತ್ತಾ ತನ್ನನ್ನು ಸಾಕಿದವಳ ಎದುರು ಬರುತ್ತಾನೆ.