ಸಿಹಿ ತಿಂದದ್ದಕ್ಕೆ ಬಂದ ಕಾಯಿಲೆಯಲ್ಲ

ಸಹೋದರಿ,

ಹೆಸರು ಪ್ರಕಟಿಸಬಾರದೆಂಬ ನಿಮ್ಮ ಕೋರಿಕೆಯಂತೆ ಪತ್ರದ ಸಾರಾಂಶವನ್ನಷ್ಟೇ ಇಲ್ಲಿ ಕೊಡುತ್ತಿದ್ದೇನೆ. ನಿಮ್ಮ 9 ವರ್ಷದ ಮಗಳು ಕೆಲವು ದಿನಗಳಿಂದ ರಾತ್ರಿ ಎದ್ದೆದ್ದು ಚೊಂಬುಗಟ್ಟಲೆ ನೀರು ಕುಡಿಯುತ್ತಿದ್ದಳು. ಹಾಸಿಗೆ ಒದ್ದೆ ಮಾಡುವುದನ್ನು ಎಂದೋ ಬಿಟ್ಟಿದ್ದವಳು ಮತ್ತೆ ಮಾಡತೊಡಗಿದ್ದಳು. ಶಾಲೆಯ ಲಂಗ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಬೇಸಿಗೆಯ ಬಳಲಿಕೆ ಎಂದುಕೊಂಡಿರಿ. ವಾಂತಿ, ಹೊಟ್ಟೆನೋವು ಶುರುವಾದಾಗ ಅಜೀರ್ಣವೆಂದು ಆಸ್ಪತ್ರೆಗೆ ಕರೆದೊಯ್ದರೆ, ಅಲ್ಲಿ ಟೈಪ್ 1 ಮಧುಮೇಹ ಎಂದರು. ಎರಡೂ ಮನೆತನಗಳಲ್ಲಿ ಯಾರಿಗೂ ಇಲ್ಲದ್ದು ಈ ಕೂಸಿಗೆ ಹೇಗೆ ಬಂತು, ತಾನು ಮಾಡಿಕೊಟ್ಟ ಸಿಹಿತಿಂಡಿಯಿಂದಲೇ ಬಂತೇ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಮ್ಮ ಊರುಕೇರಿಗಳಲ್ಲಿ ನಡುವಯಸ್ಸಿನವರಿಗೆ ಬರುವ ಸಕ್ಕರೆ ಕಾಯಿಲೆಯೇ ಬೇರೆ, ಇದೇ ಬೇರೆ. ರೋಗಾಣುಗಳ ಮೇಲೆ ಎರಗಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಮೇದೋಜೀರಕ ಗ್ರಂಥಿಯಲ್ಲಿ, ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನೇ ನಾಶಮಾಡುವುದರಿಂದ ಇದು ಬರುತ್ತದೆ. ಈ ಕಾಯಿಲೆ ಬಂದ ಮಕ್ಕಳಲ್ಲಿ ಹೆಚ್ಚಿನವರ ಹತ್ತಿರದ ಬಂಧುಗಳಲ್ಲಿ ಯಾರಿಗೂ ಇದು ಇರುವುದಿಲ್ಲ. ಆದ್ದರಿಂದ ಹಬ್ಬದ ಹೋಳಿಗೆಯನ್ನು ನೆನೆದು ನೀವು ಅಳಬೇಕಾಗಿಲ್ಲ. ನಿಮ್ಮನ್ನು ದೂರುತ್ತಿರುವ ಹಿರಿಯರಿಗೂ ಈ ಪುಟವನ್ನು ಓದಿ ಹೇಳಿ.

ನನ್ನನ್ನು ನಿಜಕ್ಕೂ ಕಳವಳಕ್ಕೀಡುಮಾಡಿದ್ದು ಪತ್ರದ ಕೊನೆಯ ಭಾಗ. ಮನೆಗೆ ಬಂದ ಮೇಲೆ ಇನ್ಸುಲಿನ್ ಪ್ರಮಾಣವನ್ನು ವೈದ್ಯರೇ ಎರಡು ಸಲ ಇಳಿಸಿದ್ದಾರೆ, ಸಂಬಂಧಿಕರು ತಂದುಕೊಟ್ಟ ನಾಟಿ ಔಷಧಿಯ ಫಲವೇ ಇದು, ಇನ್ನು ಸೂಜಿ ನಿಲ್ಲಿಸಬಹುದು ಎಂದು ಮನೆಯವರು ಹೇಳುತ್ತಿದ್ದಾರೆಂದು ಬರೆದಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗಿನಿಂದ ಇನ್ಸುಲಿನ್ ಸಿಕ್ಕೊಡನೆ, ಅಳಿದುಳಿದ ಜೀವಕೋಶಗಳು ಚೇತರಿಸಿಕೊಂಡು ಕೆಲವು ವಾರ ಅಥವಾ ಕೆಲವು ತಿಂಗಳು ತಾವೂ ಒಂದಿಷ್ಟು ಇನ್ಸುಲಿನ್ ತಯಾರಿಸುವುದುಂಟು. ಯಾವ ಬೇರನ್ನೂ ಅರೆದು ಕುಡಿಸದ ಮಕ್ಕಳಲ್ಲಿಯೂ ಹೀಗಾಗುತ್ತದೆ. ಈ ಬಿಡುವು ತಾತ್ಕಾಲಿಕ. ಗುಣವಾಯಿತೆಂದು ನಂಬಿ ಚುಚ್ಚುಮದ್ದು ನಿಲ್ಲಿಸಿದರೆ, ಮೊದಲ ಸಲ ಕಂಡ ಅದೇ ವಾಂತಿ, ಏದುಸಿರು, ಮಂಪರು ಮರಳಿ ಬಂದು ಜೀವಕ್ಕೇ ಅಪಾಯವಾಗುತ್ತದೆ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಡುವವರೆಗೆ ಈ ಕಾಯಿಲೆಯ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಅದನ್ನು ಮಾತ್ರೆಯಾಗಿ ನುಂಗುವಂತಿಲ್ಲ, ಜಠರದಲ್ಲಿ ಜೀರ್ಣವಾಗಿಬಿಡುತ್ತದೆ. ಸೂಜಿ ಅನಿವಾರ್ಯವಾದದ್ದು ಅದಕ್ಕಾಗಿಯೇ.

ಶಾಲೆಗೆ ಕಳಿಸಲು ಹೆದರಬೇಡಿ, ಆದರೆ ತರಗತಿಯ ಶಿಕ್ಷಕರನ್ನು ಖುದ್ದಾಗಿ ಕಂಡು ಮಾತಾಡಿ. ಆಟವಾಡಿದ ಮೇಲೋ ಊಟ ತಡವಾದಾಗಲೋ ಮಗು ಬೆವರಿ, ಕೈ ನಡುಗಿ, ಮಂಕಾದರೆ ರಕ್ತದ ಸಕ್ಕರೆ ಇಳಿದಿರಬಹುದು. ಗ್ಲೂಕೋಮೀಟರಿನಲ್ಲಿ 70ಕ್ಕಿಂತ ಕಡಿಮೆ ತೋರಿದರೆ ಮೂರು ಟೀಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಸಕ್ಕರೆ ಕಾಯಿಲೆಯವಳಿಗೆ ಸಕ್ಕರೆಯೇ ಎಂದು ಶಿಕ್ಷಕರು ಆ ಹೊತ್ತಿನಲ್ಲಿ ಹಿಂಜರಿಯಬಾರದಲ್ಲ, ಅದಕ್ಕೇ ಈ ಮಾತನ್ನು ಬರೆದೇ ಕೊಡಿ.

ಇನ್ನು ಚಿಕ್ಕ ಮಗನ ವಿಷಯ. ಇಂಥ ಮಕ್ಕಳ ಒಡಹುಟ್ಟಿದವರಲ್ಲಿ 100ಕ್ಕೆ ಸುಮಾರು 5 ಮಂದಿಗೆ ಮಾತ್ರ ಈ ಕಾಯಿಲೆ ಬರುತ್ತದೆ. ಅಕ್ಕನಿಂದ ಅಂಟುವಂಥದ್ದಲ್ಲ, ಒಂದೇ ತಟ್ಟೆಯಲ್ಲಿ ಉಂಡರೂ ಬಾಧಕವಿಲ್ಲ. ಅವನಲ್ಲಿ ಅತಿಯಾದ ಬಾಯಾರಿಕೆ, ಪದೇ ಪದೇ ಮೂತ್ರ, ತೂಕ ಇಳಿಯುವುದು ಕಂಡರೆ ಮರುದಿನಕ್ಕೆ ಕಾಯದೆ ಅಂದೇ ರಕ್ತ ಪರೀಕ್ಷೆ ಮಾಡಿಸಿ.

- ಸಂಪಾದಕ