ಐದು ರೋಗ, ಒಂದು ಸೂಜಿ, ಯಾರೂ ಹೇಳದ ನಾಲ್ಕು ಮಾತು

ಓದುಗರ ಪತ್ರ: "ನಮ್ಮ ಮಗನಿಗೆ ಒಂದೂವರೆ ತಿಂಗಳು ತುಂಬಿದಾಗ ಐದು ರೋಗಗಳ ಲಸಿಕೆಯನ್ನು ಒಂದೇ ಇಂಜೆಕ್ಷನ್‌ನಲ್ಲಿ ಹಾಕಿಸಿದೆವು. ಅಂದು ರಾತ್ರಿ ಜ್ವರ 101 ಡಿಗ್ರಿ ದಾಟಿತು. ತೊಡೆ ಕೆಂಪಾಗಿ ಊದಿಕೊಂಡಿತು. ನನ್ನ ಹೆಂಡತಿ ಬೆಳಗಿನವರೆಗೂ ಅಳುತ್ತಾ ಕೂತಿದ್ದಳು. ಇಷ್ಟು ಪುಟ್ಟ ಮೈಗೆ ಐದೂ ಒಟ್ಟಿಗೆ ಯಾಕೆ? ಬಿಡಿಬಿಡಿಯಾಗಿ ಹಾಕಿಸಬಾರದೇ? ಎರಡನೇ ಡೋಸನ್ನು ವರ್ಷ ತುಂಬುವವರೆಗೆ ಮುಂದೂಡೋಣ ಎಂದುಕೊಂಡಿದ್ದೇವೆ. ನಿಮ್ಮ ಅಭಿಪ್ರಾಯ ತಿಳಿಸಿ."

ಸಂಪಾದಕರ ಉತ್ತರ:

ಮುಂದೂಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ. ಇದನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಭಯ ಸುಳ್ಳಲ್ಲ. ಜ್ವರ ಬಂದದ್ದು ಲಸಿಕೆಯಿಂದಲೇ ಇರಬೇಕು. ತೊಡೆ ಊದಿದ್ದು ಖಂಡಿತ ಅದರಿಂದಲೇ. "ಲಸಿಕೆಯಿಂದ ಏನೂ ಆಗಲ್ಲ" ಅಂತ ಯಾರಾದರೂ ಹೇಳಿದ್ದರೆ ಅವರು ತಪ್ಪು ಹೇಳಿದ್ದಾರೆ. ಆಗುತ್ತೆ. ಹೆಚ್ಚಿನ ಮಕ್ಕಳಿಗೆ ಒಂದೆರಡು ದಿನದಲ್ಲಿ ತಾನಾಗಿ ಹೋಗುತ್ತೆ. ಈ ಎರಡು ವಾಕ್ಯವನ್ನು ಯಾರಾದರೂ ನಿಮ್ಮ ಹೆಂಡತಿಗೆ ಮೊದಲೇ ಹೇಳಿದ್ದರೆ ಆ ರಾತ್ರಿ ಬೇರೆ ಥರ ಇರುತ್ತಿತ್ತು, ಅಲ್ವಾ?

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಮೊದಲ ಮಗಳ ಕಾಲಕ್ಕೆ ಗಂಟಲುಮಾರಿ (ಡಿಫ್ತೀರಿಯಾ), ನಾಯಿಕೆಮ್ಮು, ಧನುರ್ವಾಯು ಎಂಬ ಮೂರು ರೋಗಗಳ ಡಿಪಿಟಿ ಲಸಿಕೆ ಇತ್ತು. ಸಾಲಿನಲ್ಲಿ ನಿಂತೆ, ಸೂಜಿ ಚುಚ್ಚಿದರು, ಕಾರ್ಡಿಗೆ ಮುದ್ರೆ ಒತ್ತಿದರು, "ಮುಂದಿನವರು ಬನ್ನಿ" ಎಂದರು. ಅಷ್ಟೇ. ಆ ಸಂಜೆ ಮಗಳು ಎಂದೂ ಅಳದ ದನಿಯಲ್ಲಿ ಅತ್ತಳು. ಕಾಲು ಮುಟ್ಟಿದರೆ ಚೀರುತ್ತಿದ್ದಳು. ಸೂಜಿ ಎಲ್ಲೋ ನರಕ್ಕೆ ತಾಗಿದೆ ಅಂತಲೇ ನಾನು ನಂಬಿದ್ದೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಅವಳು ನಗುತ್ತಿದ್ದಳು. ನನ್ನ ಕೈ ಮಾತ್ರ ಇನ್ನೂ ನಡುಗುತ್ತಿತ್ತು.

ಎರಡನೇ ಡೋಸಿಗೆ ಹೋದಾಗ ಬೇರೆ ನರ್ಸ್ ಇದ್ದರು. ಸೂಜಿ ಕೈಗೆ ತಗೊಳ್ಳುವ ಮೊದಲು ನನ್ನನ್ನು ಕೂರಿಸಿದರು. ಇದು ಯಾವ ರೋಗಗಳಿಗೆ ಎಂದು ಹೇಳಿದರು. ರಾತ್ರಿ ಏನೇನು ಆಗಬಹುದು, ಆದರೆ ಏನು ಮಾಡಬೇಕು ಎಂದರು. ಮತ್ತೆ ಯಾವತ್ತು ಬರಬೇಕು ಎಂದರು. ಕಾರ್ಡು ಕಳೆಯಬೇಡಿ ಎಂದರು. ನಾಲ್ಕು ಮಾತು, ಎರಡು ನಿಮಿಷ. ಆ ರಾತ್ರಿಯೂ ಜ್ವರ ಬಂತು. ಆದರೆ ನಾನು ಹೆದರಲಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಪುಟ್ಟ ಮೈಗೆ ಐದು ಹೊರೆಯಲ್ಲವೇ? ಕೇಳಿದರೆ ಹಾಗೇ ಅನಿಸುತ್ತೆ. ಆದರೆ ಆ ಸೂಜಿಯಲ್ಲಿ ಐದು ರೋಗಗಳಿಲ್ಲ. ಜೀವಂತ ರೋಗಾಣು ಒಂದೂ ಇಲ್ಲ. ಗಂಟಲುಮಾರಿ ಮತ್ತು ಧನುರ್ವಾಯುವಿನಲ್ಲಿ ನಮ್ಮನ್ನು ಕೊಲ್ಲುವುದು ರೋಗಾಣು ಕಕ್ಕುವ ವಿಷ. ಫ್ರಾನ್ಸಿನ ಗ್ಯಾಸ್ಟನ್ ರಮೋನ್ 1920ರ ದಶಕದಲ್ಲಿ ಫಾರ್ಮಲಿನ್ ಮತ್ತು ಶಾಖದಿಂದ ಆ ವಿಷದ ಹಲ್ಲು ಕಿತ್ತರು. ಲಸಿಕೆಯಲ್ಲಿರುವುದು ಆ ಹಲ್ಲು ಕಿತ್ತ ವಿಷ. ಯಕೃತ್ತಿಗೆ (ಲಿವರ್) ಬರುವ ಹೆಪಟೈಟಿಸ್ ಬಿ ರೋಗದ ಭಾಗದಲ್ಲಿರುವುದು ವೈರಸ್ಸಿನ ಹೊರಮೈಯ ಒಂದೇ ಒಂದು ಪ್ರೋಟೀನ್. ನಾಯಿಕೆಮ್ಮಿನ ಭಾಗದಲ್ಲಿ ಸತ್ತ ಇಡೀ ರೋಗಾಣು ಇರುತ್ತೆ, ಇಲ್ಲವೇ ಅದರಿಂದ ತೆಗೆದ ಕೆಲವೇ ಪ್ರೋಟೀನುಗಳು ಇರುತ್ತವೆ.

ಐದನೆಯದು ಹಿಬ್ ಎಂಬ ಬ್ಯಾಕ್ಟೀರಿಯಾ. ಇದರ ಪೂರ್ತಿ ಹೆಸರಿನಲ್ಲಿ ಇನ್‌ಫ್ಲುಯೆಂಜಾ ಎಂಬ ಪದ ಇದೆ. ಎಷ್ಟೋ ಜನ ಅದನ್ನು ನೋಡಿ "ಫ್ಲೂಗೆ ಇಷ್ಟು ಚಿಕ್ಕ ಮಗುವಿಗೆ ಇಂಜೆಕ್ಷನ್ ಯಾಕೆ" ಅಂತ ಕೇಳುತ್ತಾರೆ. 1892ರಲ್ಲಿ ರಿಚರ್ಡ್ ಫೈಫರ್ ಎಂಬ ಜರ್ಮನ್ ವಿಜ್ಞಾನಿ ಫ್ಲೂ ರೋಗಿಗಳಲ್ಲಿ ಈ ಬ್ಯಾಕ್ಟೀರಿಯಾ ಕಂಡು ಫ್ಲೂಗೆ ಇದೇ ಕಾರಣ ಎಂದುಕೊಂಡರು. ಅದು ತಪ್ಪಾಗಿತ್ತು. ಫ್ಲೂ ಬರುವುದು ವೈರಸ್ಸಿನಿಂದ. ಹೆಸರು ಮಾತ್ರ ಹಾಗೇ ಉಳಿಯಿತು. ನಿಜಕ್ಕೂ ಹಿಬ್ ಮಾಡುವುದು ಮಿದುಳಿನ ಪೊರೆಯ ಸೋಂಕು, ನ್ಯುಮೋನಿಯಾ. ಮಿದುಳಿನ ಪೊರೆಗೆ ಬಂದು ಬದುಕಿ ಉಳಿದ ಕೆಲವು ಮಕ್ಕಳಿಗೆ ಕಿವಿ ಕೇಳಿಸದೆ ಹೋಗುತ್ತದೆ. ಇದರ ಮೈಮೇಲೆ ಸಕ್ಕರೆಯ ಹೊದಿಕೆ ಇದೆ. ಎರಡು ವರ್ಷದೊಳಗಿನ ಮಕ್ಕಳ ರೋಗನಿರೋಧಕ ಶಕ್ತಿ ಬರೀ ಸಕ್ಕರೆಯನ್ನು ಸರಿಯಾಗಿ ಗುರುತು ಹಿಡಿಯದು. ಅದಕ್ಕೆ ವಿಜ್ಞಾನಿಗಳು ಆ ಸಕ್ಕರೆಯನ್ನು ಮಗು ಚೆನ್ನಾಗಿ ಗುರುತಿಸುವ ಒಂದು ಪ್ರೋಟೀನಿಗೆ ಅಂಟಿಸಿದರು. ಪುಟ್ಟ ಮಗುವಿಗೆ ಏನು ಸಾಧ್ಯ, ಏನು ಸಾಧ್ಯವಿಲ್ಲ ಎಂದು ಇಷ್ಟು ಯೋಚಿಸಿ ಮಾಡಿದ ಮದ್ದು ಇದು. ದೊಡ್ಡವರ ಮದ್ದನ್ನು ಸುಮ್ನೆ ಕಡಿಮೆ ಮಾಡಿ ಕೊಟ್ಟದ್ದಲ್ಲ.

ಇನ್ನು ಬಿಡಿಬಿಡಿಯಾಗಿ ಹಾಕಿಸುವ ಮಾತು. ಲೆಕ್ಕ ಹಾಕಿ ನೋಡಿ. ಐದು ಲಸಿಕೆ, ಮೂರು ಡೋಸು. ಹದಿನೈದು ಸಲ ಚುಚ್ಚಬೇಕು. ಈಗ ಮೂರೇ ಸಲ ಸಾಕು. ಆರು ರೋಗಗಳ ಲಸಿಕೆಯಾದರೆ ಪೋಲಿಯೋ ಕೂಡ ಅದರಲ್ಲೇ ಸೇರುತ್ತದೆ. ಅದೂ ಅಲ್ಲದೆ ನಾಯಿಕೆಮ್ಮಿಗೆ ಮಾತ್ರ ಅಂತ ಬಿಡಿ ಲಸಿಕೆ ಈಗ ಹುಡುಕಿದರೂ ಸಿಗುವುದು ಕಷ್ಟ. ಎಲ್ಲಕ್ಕಿಂತ ಮುಖ್ಯ, ಬಿಡಿಸುತ್ತಾ ಹೋದಷ್ಟೂ ಮಗು ರಕ್ಷಣೆ ಇಲ್ಲದೆ ಕಳೆಯುವ ದಿನ ಜಾಸ್ತಿ.

ಆ ದಿನಗಳು ಎಂಥವು ಗೊತ್ತಾ? ನಾಯಿಕೆಮ್ಮು ಕೊಲ್ಲುವುದು ಹೆಚ್ಚಾಗಿ ಮೊದಲ ಕೆಲವು ತಿಂಗಳ ಕೂಸುಗಳನ್ನು. ಎಷ್ಟೋ ಕೂಸುಗಳಿಗೆ ಆ ಕೆಮ್ಮು ಕೂಡ ಬರುವುದಿಲ್ಲ. ಉಸಿರೇ ನಿಂತುಹೋಗುತ್ತದೆ. ಹೆಪಟೈಟಿಸ್ ಬಿ ದೊಡ್ಡವರಿಗೆ ತಗುಲಿದರೆ ನೂರಕ್ಕೆ 95ರಷ್ಟು ಜನ ಅದರಿಂದ ಹೊರಬರುತ್ತಾರೆ. ಹುಟ್ಟಿದಾಗಲೇ ತಗುಲಿದರೆ ನೂರಕ್ಕೆ 90ರಷ್ಟು ಮಕ್ಕಳಲ್ಲಿ ಅದು ಜೀವಮಾನವಿಡೀ ಉಳಿಯುತ್ತದೆ. ಅದಕ್ಕೇ ಆ ಲಸಿಕೆಯ ಒಂದು ಡೋಸನ್ನು ಹುಟ್ಟಿದ 24 ಗಂಟೆಯೊಳಗೆ ಬೇರೆಯಾಗಿ ಕೊಡಲು ಹೇಳುವುದು. ವಯಸ್ಸು ಕಡಿಮೆ ಅಂತ ಕಾಯಬೇಕು ಎನ್ನುತ್ತೀರಿ. ವಯಸ್ಸು ಕಡಿಮೆ ಅಂತಲೇ ಕಾಯಬಾರದು.

ನಿಮ್ಮ ಯೋಚನೆಯನ್ನು ಒಂದು ಇಡೀ ದೇಶ ಮಾಡಿ ನೋಡಿದೆ. ಜಪಾನಿನಲ್ಲಿ ಡಿಪಿಟಿ ಹಾಕಿಸಿದ ಬಳಿಕ ಎರಡು ಮಕ್ಕಳು ತೀರಿಕೊಂಡವು. 1975ರಲ್ಲಿ ಆ ಲಸಿಕೆಯನ್ನು ನಿಲ್ಲಿಸಿದರು. ಕೆಲವು ತಿಂಗಳಲ್ಲಿ ಮತ್ತೆ ಶುರು ಮಾಡಿದರು, ಆದರೆ ಎರಡು ವರ್ಷ ತುಂಬಿದ ಮಕ್ಕಳಿಗೆ ಮಾತ್ರ. ತಂದೆತಾಯಿಯರ ಭಯ ಹೋಗಲಿಲ್ಲ. ಹೆಚ್ಚಿನವರು ಲಸಿಕೆಯನ್ನೇ ಬಿಟ್ಟರು. 1974ರಲ್ಲಿ ಅಲ್ಲಿ ನಾಯಿಕೆಮ್ಮು ಬಂದದ್ದು 393 ಜನರಿಗೆ, ಸಾವು ಒಂದೂ ಇರಲಿಲ್ಲ. 1979ರಲ್ಲಿ 13 ಸಾವಿರಕ್ಕೂ ಹೆಚ್ಚು ಜನರಿಗೆ ಬಂತು. 41 ಜನ ತೀರಿಕೊಂಡರು. ಆ ಅಪ್ಪ ಅಮ್ಮಂದಿರೂ ನಿಮ್ಮಷ್ಟೇ ಪ್ರೀತಿಯಿಂದಲೇ ಮುಂದೂಡಿದ್ದರು.

ಅದೇ ಜಪಾನ್ ಇನ್ನೊಂದನ್ನೂ ಮಾಡಿತು ಎಂಬುದನ್ನು ಮರೆಯಬಾರದು. ತಾಯಂದಿರ ದೂರನ್ನು ಕಿವಿಗೆ ಹಾಕಿಕೊಂಡಿತು. ಯೂಜಿ ಸಾಟೋ ಎಂಬ ವಿಜ್ಞಾನಿಯ ತಂಡ ಇಡೀ ರೋಗಾಣುವಿನ ಬದಲು ಅದರ ಕೆಲವೇ ಪ್ರೋಟೀನುಗಳನ್ನು ಬಳಸಿ ಹೊಸ ಲಸಿಕೆ ಮಾಡಿತು. 1981ರಿಂದ ಅದು ಬಳಕೆಗೆ ಬಂತು. ಅದರಲ್ಲಿ ಜ್ವರ, ನೋವು ಕಡಿಮೆ. ಆದರೆ ಅದರ ರಕ್ಷಣೆ ಹಳೆಯದರಷ್ಟು ಕಾಲ ನಿಲ್ಲುವುದಿಲ್ಲ. "ನೋವಿಲ್ಲದ ಇಂಜೆಕ್ಷನ್" ಎಂದು ಯಾರಾದರೂ ಹೇಳಿದರೆ ಈ ಎರಡೂ ಮಾತನ್ನು ನೆನಪಿಡಿ. ಎರಡರಲ್ಲಿ ಯಾವುದನ್ನು ಹಾಕಿಸಿದರೂ ಸರಿ. ಹಾಕಿಸದೇ ಇರುವುದು ಸರಿಯಲ್ಲ.

ಬೇಸರ ಮಾಡಿಕೊಳ್ಳಬೇಡಿ, ಒಂದು ಮಾತು ಕೇಳುತ್ತೇನೆ. ನಿಮ್ಮ ಪತ್ರದಲ್ಲಿ "ನನ್ನ ಹೆಂಡತಿ ಅಳುತ್ತಾ ಕೂತಿದ್ದಳು" ಎಂದಿದೆ. ಮಗುವನ್ನು ಹಿಡಿದುಕೊಂಡು ಹೋದವರು ಯಾರು? ಡಾಕ್ಟರನ್ನು ಪ್ರಶ್ನೆ ಕೇಳಿದವರು ಯಾರು? ಜ್ವರ ಎಷ್ಟು ಅಂತ ಅಳೆದು ಬರೆದಿಟ್ಟಿದ್ದೀರಿ, ಅದು ಮೆಚ್ಚುವ ಕೆಲಸ. ಆದರೆ ಮುಂದೂಡುವ ತೀರ್ಮಾನಕ್ಕೆ ಬರುವ ಮೊದಲು ಲಸಿಕೆ ಹಾಕಿದವರನ್ನೇ ಒಮ್ಮೆ ಕೇಳಬಹುದಿತ್ತು. ನನಗೆ ಬರೆಯುವ ಮೊದಲು ಅವರಿಗೆ ಫೋನು ಮಾಡಬೇಕಿತ್ತು.

ಕೇಳದೇ ಇರುವುದಕ್ಕೆ ನಿಮ್ಮೊಬ್ಬರನ್ನೇ ದೂರಲಾರೆ. ಕೇಳಿದರೆ ಗದರುವವರೂ ಇದ್ದಾರೆ. ಡಬ್ಬಿಯೊಳಗಿನ ಚೀಟಿಯ ಅಕ್ಷರ ಸಾಸಿವೆಗಿಂತ ಸಣ್ಣದು. ಅದನ್ನು ಬರೆದವರು ಕೂಸು ಎತ್ತಿಕೊಂಡ ತಾಯಿಯನ್ನು ನೆನೆದು ಬರೆದಿಲ್ಲ. ನನ್ನ ಸಿಟ್ಟು ಇಲ್ಲೇ. ಇಷ್ಟು ಒಳ್ಳೆಯ ವಸ್ತುವನ್ನು ಕೈಯಲ್ಲಿಟ್ಟುಕೊಂಡು ಅದರ ಬಗ್ಗೆ ಎರಡು ನಿಮಿಷ ಮಾತಾಡದೆ ಕಳಿಸುತ್ತಾರಲ್ಲ! ಆ ಖಾಲಿ ಜಾಗವನ್ನು ಗಾಳಿಮಾತು ತುಂಬುತ್ತದೆ. ಹೆದರಿದ ತಾಯಿಯನ್ನು ಆಮೇಲೆ "ತಿಳುವಳಿಕೆ ಇಲ್ಲದವಳು" ಎನ್ನುತ್ತಾರೆ. ತಿಳಿಸಿದ್ದು ಯಾರು?

ಈ ಲಸಿಕೆಯ ನಾಯಿಕೆಮ್ಮಿನ ಭಾಗಕ್ಕೆ ದಾರಿ ಮಾಡಿದವರು ಹಾಗಿರಲಿಲ್ಲ. ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಲ್ಲಿ 1932ರ ಹೊತ್ತಿಗೆ ಪರ್ಲ್ ಕೆಂಡ್ರಿಕ್, ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಹೆಂಗಸರು ಸರ್ಕಾರಿ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದರು. ಆಗ ಆ ದೇಶದಲ್ಲಿ ನಾಯಿಕೆಮ್ಮು ವರ್ಷಕ್ಕೆ ಸುಮಾರು 6 ಸಾವಿರ ಜನರನ್ನು, ಬಹುಪಾಲು ಮಕ್ಕಳನ್ನು, ಕೊಲ್ಲುತ್ತಿತ್ತು. ಎಲ್ಡರಿಂಗ್ ಅವರಿಗೇ ಐದನೇ ವಯಸ್ಸಿನಲ್ಲಿ ಅದು ಬಂದಿತ್ತು. ದಿನದ ಕೆಲಸ ಮುಗಿದ ಮೇಲೆ ಇಬ್ಬರೂ ಸೀಮೆಎಣ್ಣೆ ದೀಪದ ಬೆಳಕಿನ ಬಡವರ ಮನೆಗಳಿಗೆ ಹೋಗುತ್ತಿದ್ದರು. ಮಕ್ಕಳ ಬಾಯಿಯ ಮುಂದೆ ತಟ್ಟೆ ಹಿಡಿದು ಕೆಮ್ಮಿಸಿ ರೋಗಾಣು ಸಂಗ್ರಹಿಸುತ್ತಿದ್ದರು. ತಾಯಂದಿರ ಎದುರು ಕೂತು ಅವರ ಕಷ್ಟ ಕೇಳುತ್ತಿದ್ದರು. ಹಾಗೆ ಹುಟ್ಟಿದ್ದು ಅವರ ಲಸಿಕೆ. ಮುಂದೆ ಅವರ ಜೊತೆ ಸೇರಿದ ಲೋನಿ ಗಾರ್ಡನ್ ಎಂಬ ಕಪ್ಪು ಮಹಿಳೆ ರೋಗಾಣು ಬೆಳೆಸಿದ ಸಾವಿರಾರು ತಟ್ಟೆ ನೋಡಿ ಲಸಿಕೆಗೆ ತಕ್ಕ ರೋಗಾಣು ಆರಿಸಿಕೊಟ್ಟರು. 1940ರ ದಶಕದಲ್ಲಿ ಕೆಂಡ್ರಿಕ್ ಇದನ್ನು ಗಂಟಲುಮಾರಿ, ಧನುರ್ವಾಯು ಲಸಿಕೆಗಳ ಜೊತೆ ಒಂದೇ ಸೂಜಿಗೆ ಸೇರಿಸಿದರು. ನಿಮ್ಮ ಮಗನ ತೊಡೆಗೆ ಬಿದ್ದದ್ದು ಅದರ ಮೊಮ್ಮಗು. ಇವರ ಹೆಸರು ಎಷ್ಟು ಪಾಠಪುಸ್ತಕದಲ್ಲಿದೆ ಹೇಳಿ?

ನಿಮ್ಮ ಕೆಲಸಕ್ಕೆ ಬರುವ ಮಾತು ಹೇಳಿ ಮುಗಿಸುತ್ತೇನೆ. ಡೋಸುಗಳ ನಡುವೆ ಕನಿಷ್ಠ 4 ವಾರ ಇರಬೇಕು. ಕಾರ್ಡಿನಲ್ಲಿ ಬರೆದ ತಾರೀಕಿಗೆ ಹೋಗಿ. ಅಕಸ್ಮಾತ್ ತಡವಾದರೂ ಮೊದಲಿನಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿದರೆ ಸಾಕು. ಸಣ್ಣ ನೆಗಡಿ ಇದ್ದರೆ ಅದಕ್ಕಾಗಿ ತಪ್ಪಿಸಬೇಡಿ. ಹೋದ ಸಲ ಆದದ್ದನ್ನೆಲ್ಲ ಮೊದಲೇ ಹೇಳಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜೋರು ಅಲರ್ಜಿ ಆಗುವುದು ಹತ್ತು ಲಕ್ಷ ಡೋಸಿಗೆ ಒಂದರಷ್ಟು ಅಪರೂಪ, ಆದರೆ ಆದಾಗ ಹೆಚ್ಚಾಗಿ ಆ ಹೊತ್ತಿನಲ್ಲೇ ಆಗುತ್ತದೆ. ಮನೆಯಲ್ಲಿ ಎದೆಹಾಲು ಕೊಡುತ್ತಿರಲಿ. ಚುಚ್ಚಿದ ಜಾಗವನ್ನು ಉಜ್ಜಬೇಡಿ. ಪ್ಯಾರಸಿಟಮಾಲ್ ಎಷ್ಟು ಕೊಡಬೇಕು ಎಂಬುದು ಮಗುವಿನ ತೂಕದ ಮೇಲೆ ನಿಂತಿದೆ. ಡಾಕ್ಟರನ್ನು ಕೇಳಿಯೇ ಕೊಡಿ. ಜ್ವರ ಬರುವ ಮುಂಚೆಯೇ ನಿಮ್ಮಷ್ಟಕ್ಕೆ ಕೊಡಬೇಡಿ.

ಮೂರು ಗಂಟೆಗಿಂತ ಹೆಚ್ಚು ಹೊತ್ತು ಸಮಾಧಾನ ಮಾಡಲಾಗದಂತೆ ಅತ್ತರೆ, ಮೈ ಸಡಿಲವಾಗಿ ಬಿಳಿಚಿಕೊಂಡು ಕರೆದರೂ ಕಣ್ಣು ಬಿಡದಿದ್ದರೆ, ಫಿಟ್ಸ್ ಬಂದರೆ, ಉಸಿರಾಡಲು ಕಷ್ಟಪಟ್ಟರೆ, ಜ್ವರ 104 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ. ಆಸ್ಪತ್ರೆಗೆ ಓಡಿ. ಹಾಗೇನಾದರೂ ಆದರೆ ಮುಂದಿನ ಡೋಸು ಯಾವುದು, ಹೇಗೆ ಎಂದು ಡಾಕ್ಟರ್ ತೀರ್ಮಾನಿಸಬೇಕು. ನಿಮ್ಮ ಮಗನಿಗೆ ಇದ್ಯಾವುದೂ ಆಗಿಲ್ಲ. ಅವನಿಗೆ ಆದದ್ದು ಜ್ವರ ಮತ್ತು ಊತ.

ಈ ಸಲ ನೀವೂ ಜೊತೆಗೆ ಹೋಗಿ. ಮಗುವನ್ನು ನೀವೇ ತೊಡೆ ಮೇಲೆ ಹಿಡಿದುಕೊಳ್ಳಿ. ಲಸಿಕೆ ಹಾಕುವವರು ಆ ನಾಲ್ಕು ಮಾತು ಹೇಳದಿದ್ದರೆ ಹೇಳುವವರೆಗೂ ಏಳಬೇಡಿ. ರಾತ್ರಿ ಪಾಳಿ ನಿಮ್ಮದಿರಲಿ, ಹೆಂಡತಿ ಮಲಗಲಿ. ಆಮೇಲೆ ಹೇಗಿತ್ತು ಅಂತ ನನಗೆ ಬರೆಯಿರಿ. ಆ ಪತ್ರವನ್ನೂ ಇಲ್ಲೇ ಅಚ್ಚು ಹಾಕುತ್ತೇನೆ.

– ಸಂ.